ಹಿಂದಿನ ಸೀಟಿನಿಂದ ಕಾರು ಕೊಂಡ ಭಾವ

ಗೋರೆಗಾಂವ್‌ನಿಂದ ವಿಲೆ ಪಾರ್ಲೆಯವರೆಗಿನ ಯಾವ ಕಾರಿನ ಶೋರೂಮಿಗಾದರೂ ಹೋಗಿ ನಮ್ಮ ಭಾವನ ಫೋಟೋ ತೋರಿಸಿ ನೋಡಿ. ಸೇಲ್ಸ್‌ಮನ್‌ಗಳೆಲ್ಲ ಒಟ್ಟಿಗೇ ಊಟಕ್ಕೆ ಎದ್ದುಬಿಡುತ್ತಾರೆ, ಬೆಳಿಗ್ಗೆ ಆಗಷ್ಟೇ ಬಾಗಿಲು ತೆರೆದಿದ್ದರೂ ಸರಿಯೇ! ಇದು ಉತ್ಪ್ರೇಕ್ಷೆ ಎಂದು ನಿಮಗೆ ಅನಿಸಬಹುದು. ಪತ್ರಿಕೆಯ ಕಚೇರಿಯಲ್ಲಿ ಇಷ್ಟು ವರ್ಷ ಕಳೆದ ನನಗೂ ಉತ್ಪ್ರೇಕ್ಷೆ ಕಂಡರೆ ಆಗುವುದಿಲ್ಲ. ಆದ್ದರಿಂದ ತಿದ್ದುಪಡಿ ಕೊಡುತ್ತೇನೆ: ಊಟಕ್ಕೆ ಹೋದವನು ಒಬ್ಬ ಮಾತ್ರ. ಉಳಿದವರು ಚಹಾಕ್ಕೆ ಹೋದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಹಾಗೆಯೇ ಧಾರವಾಡದ ಕಡೆಯವರು. ವಿಲೆ ಪಾರ್ಲೆ ಸ್ಟೇಶನ್ನಿನ ಹತ್ತಿರ ಚಾದರು, ಬೆಡ್‌ಶೀಟು, ಟವೆಲ್ಲುಗಳ ಅಂಗಡಿ ಇಟ್ಟಿದ್ದಾರೆ. ಮನೆ ಗೋರೆಗಾಂವ್‌ನಲ್ಲಿ. ಜಗಳಗಂಟರಲ್ಲ, ಜಿಪುಣರಲ್ಲ, ಮಾತೂ ಕಡಿಮೆ. ಇರುವುದು ಒಂದೇ ಚಟ. ಲೋಕದ ಯಾವ ವಸ್ತುವೇ ಆಗಲಿ, ಅದನ್ನು ಅದರ ಅತ್ಯಂತ ಕೆಟ್ಟ ಜಾಗದಿಂದ ನೋಡಬೇಕು!

ಅಂಗಡಿಗೆ ಗಿರಾಕಿ ಬಂದರೆ ಬೇರೆ ವ್ಯಾಪಾರಿಗಳು ಚಾದರನ್ನು ಝಾಡಿಸಿ ಹರಡಿ ಬಣ್ಣ ತೋರಿಸುತ್ತಾರೆ. ಭಾವ ಅದನ್ನು ಮಗುಚಿ ಹಾಕಿ, ಹೊಲಿಗೆಯ ಮೂಲೆ ಹಿಡಿದು, ದಾರ ಬಿಟ್ಟುಕೊಂಡ ಜಾಗವನ್ನು ತಾವೇ ಹುಡುಕಿ ತೋರಿಸುತ್ತಾರೆ. "ಪೆಹಲೇ ಖರಾಬ್ ಬಾಜು ದೇಖೋ, ಬೆಹನ್‌ಜೀ. ಅಚ್ಛಾ ಬಾಜು ತೋ ಘರ್ ಜಾಕೇ ಭೀ ದಿಖೇಗಾ!" ಕೆಟ್ಟ ಬದಿ ಮೊದಲು ನೋಡಿ, ಒಳ್ಳೆಯದು ಮನೆಗೆ ಹೋದ ಮೇಲೂ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಅರ್ಧ ಗಿರಾಕಿಗಳು ಅಲ್ಲಿಂದಲೇ ಓಡಿಹೋಗುತ್ತಾರೆ. ಉಳಿದ ಅರ್ಧ ಮತ್ತೆ ಜನ್ಮದಲ್ಲಿ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಹೀಗೆ ಅಂಗಡಿ ನಡೆಯುತ್ತಿದೆ.

ಲೋಕಲ್ ಟ್ರೇನಿನಲ್ಲಿ ಅವರದು ನಾಲ್ಕನೇ ಸೀಟು. ಮುಂಬಯಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಮೂವರು ಕೂಡುವ ಬೆಂಚಿನಲ್ಲಿ "ಥೋಡಾ ಸರಕೋ", ಸ್ವಲ್ಪ ಸರಿಯಿರಿ ಎಂದು ನಾಲ್ಕನೆಯವನು ಬಂದು ಕೂತಾಗ ಅವನಿಗೆ ಅಂಗೈಯಷ್ಟು ಹಲಗೆ ಸಿಗುತ್ತದೆ. ಅರ್ಧ ದೇಹ ಬೆಂಚಿನ ಮೇಲೆ, ಇನ್ನರ್ಧ ಭಗವಂತನ ಮೇಲೆ! ರಶ್ಶಿನಲ್ಲಿ ಎಲ್ಲರೂ ಹಾಗೆ ಕೂಡುತ್ತಾರೆ. ಆದರೆ ಭಾನುವಾರ ಮಧ್ಯಾಹ್ನ, ಡಬ್ಬಿಗೆ ಡಬ್ಬಿಯೇ ಖಾಲಿಯಿರುವಾಗಲೂ ನಾಲ್ಕನೇ ಸೀಟಿನಲ್ಲೇ ಕೂಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಕಿಟಕಿಯ ಪಕ್ಕ ಕುಳಿತು ಕರೆದೂ ಇದ್ದೇನೆ.

"ಭಾವ, ಬರ್ರಿ ಇಲ್ಲಿ. ಇಡೀ ಬೆಂಚ್ ಖಾಲಿ ಐತಿ."

"ಕಿಡಕಿ ಸೀಟ್ ಚಲೋ ಇರತೈತಿ ಅಂತ ಎಲ್ಲಾರಿಗೂ ಗೊತ್ತೈತಿ ತಮ್ಮಾ. ಅದರಾಗ ತಪಾಸ್ ಮಾಡೂದೇನೈತಿ?"

ಮಾಟುಂಗಕ್ಕೆ ದೋಸೆ ತಿನ್ನಲು ಕರೆದುಕೊಂಡು ಹೋದರೂ ಇದೇ ಕತೆ. ಫ್ಯಾನಿನ ಕೆಳಗೆ ಒಳ್ಳೆಯ ಟೇಬಲ್ ಖಾಲಿ ಇರುತ್ತದೆ. ಭಾವ ನೇರವಾಗಿ ಕೈತೊಳೆಯುವ ಬೇಸಿನ್ನಿನ ಪಕ್ಕದ ಟೇಬಲ್ಲಿಗೆ ನಡೆಯುತ್ತಾರೆ. ಹಿಂದಿನಿಂದ ಯಾರೋ ಬಾಯಿ ಮುಕ್ಕಳಿಸುತ್ತಿರುತ್ತಾರೆ, ಮುಂದೆ ನಮ್ಮ ಸಾಂಬಾರ್ ಇರುತ್ತದೆ. ಗಲ್ಲಾಪೆಟ್ಟಿಗೆಯ ಮುಂದಿದ್ದ ಉಡುಪಿಯ ಯಜಮಾನರಿಗೆ ಒಂದು ದಿನ ತಡೆಯಲಾಗಲಿಲ್ಲ.

"ಎಂತ ಸಾವ್ಕಾರ್ರೆ, ಅಲ್ಲಿ ಜಾಗ ಉಂಟಲ್ಲ? ಇಲ್ಲಿ ಯಾಕೆ ಕೂತದ್ದು ಮಾರಾಯ್ರೆ?"

"ಫ್ಯಾನ್ ಬುಡಕ ಕುಂತವಗ ನೀವು ಚಲೋ ಕೊಡತೀರಿ. ಇಲ್ಲಿ ಕುಂತವಗ ಏನ್ ಕೊಡತೀರಿ ನೋಡೂಣು."

ಅಂದು ಸಾಂಬಾರ್ ಎರಡು ಬಾರಿ ಬಿಸಿ ಮಾಡಿಸಿಕೊಂಡು ಬಂತು.

ಇಂಥವರು ಕಾರು ಕೊಳ್ಳಲು ಹೊರಟರೆ ಏನಾದೀತು? ಅದನ್ನೇ ಹೇಳಲು ಹೊರಟಿದ್ದೇನೆ.

ಕಾರಿನ ಮಾತು ಎದ್ದದ್ದು ಅಕ್ಕನಿಂದ. ಹಿಂದೊಮ್ಮೆ ಊರಿನ ಮದುವೆಗೆ ನಾವು ಏಳು ಜನ ಎರಡು ಬಾಡಿಗೆ ಕಾರುಗಳಲ್ಲಿ ಹೋಗಿದ್ದೆವು. ಭಾವ, ಅಕ್ಕ, ಅವರ ಮಗ, ಸೊಸೆ, ಮೊಮ್ಮಗಳು, ನಾನು, ನನ್ನ ಹೆಂಡತಿ. ಅಕ್ಕ ನಸುಕಿನಲ್ಲೆದ್ದು ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಮೊಸರನ್ನದ ಬುತ್ತಿ ಕಟ್ಟಿದ್ದಳು. ಪುಣೆ ದಾಟುವಷ್ಟರಲ್ಲಿ ಎರಡು ಕಾರುಗಳೂ ಒಂದಕ್ಕೊಂದು ತಪ್ಪಿಹೋದವು. ಬುತ್ತಿ ಒಂದು ಕಾರಿನಲ್ಲಿ, ಹಸಿದವರು ಇನ್ನೊಂದರಲ್ಲಿ! ಅಕ್ಕ ಕೊಲ್ಲಾಪುರದವರೆಗೂ ಫೋನಿನಲ್ಲಿ "ಎಲ್ಲಿದ್ದೀರಿ, ಎಲ್ಲಿದ್ದೀರಿ" ಎಂದು ಕೇಳುತ್ತಲೇ ಇದ್ದಳು. ನಾವು ವಡಾಪಾವ್ ತಿಂದು ಮುಗಿಸಿದ್ದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ಈಗ ನಮ್ಮ ಚಿಕ್ಕಮ್ಮನ ಮೊಮ್ಮಗಳ ಮದುವೆ ಧಾರವಾಡದಲ್ಲಿ ನಿಶ್ಚಯವಾಗಿತ್ತು. ಅಕ್ಕ ಒಂದೇ ಮಾತು ಹೇಳಿದಳು. "ಈ ಸಲ ಏಳೂ ಮಂದಿ ಒಂದ ಗಾಡಿಯಾಗ ಹೋಗಬೇಕು. ಇಲ್ಲಂದ್ರ ನಾ ಬಸ್ಸಿಗೆ ಹೋಗ್ತೀನಿ. ಬುತ್ತೀನೂ ನನ್ನ ಜೋಡಿ ಬಸ್ಸಿಗೆ ಬರತೈತಿ."

ಬುತ್ತಿಯ ಮಾತು ಬಂದಿದ್ದರಿಂದ ಇನ್ನೊಂದು ವಿಷಯವನ್ನೂ ಇಲ್ಲೇ ದಾಖಲಿಸಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಬುತ್ತಿ ಎಲ್ಲಿರುತ್ತದೋ ಅಲ್ಲಿ ಮನೆಯ ಹೆಂಗಸು. ಬುತ್ತಿ ಸಾಮಾನಿನ ಜೊತೆ ಹಿಂದಿರುತ್ತದೆ. ಹೀಗಾಗಿ ಯಾವ ಗಾಡಿಯೇ ಇರಲಿ, ಕಟ್ಟಕಡೆಯ ಸೀಟು ಅಕ್ಕನದು. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಅವಳು ಹತ್ತಿ, ಬುತ್ತಿಯನ್ನು ಕಾಲಬಳಿ ಇಟ್ಟುಕೊಂಡು, ಘಾಟ್ ಶುರುವಾಗುತ್ತಿದ್ದಂತೆ ಮುಖದ ಮೇಲೆ ಸೆರಗೆಳೆದು ನಿದ್ದೆ ಹೋಗುತ್ತಾಳೆ. ಖಂಡಾಳಾದಲ್ಲಿ ಎಲ್ಲರೂ ಕಿಟಕಿಗೆ ಮೂಗು ಒತ್ತಿ "ಆಹಾ" ಎನ್ನುವಾಗ ನಿದ್ದೆ ಮಾಡುವ ಏಕೈಕ ಪ್ರಾಣಿ ಎಂದು ಅವಳಿಗೆ ಮನೆಯಲ್ಲಿ ಹೆಸರು.

ಸರಿ, ಸೆವೆನ್ ಸೀಟರ್ ಕೊಳ್ಳುವುದು ಎಂದಾಯಿತು. ಯಾವ ಗಾಡಿ ಎಂಬುದೂ ಬೇಗ ತೀರ್ಮಾನವಾಯಿತು. ಆದರೆ ಒಂದೇ ಗಾಡಿಯನ್ನು ಕಂಪನಿಯವರು ಬೇಸ್, ಮಿಡ್, ಟಾಪ್ ಎಂದು ಮೂರು ಬಗೆಯಲ್ಲಿ ಮಾರುತ್ತಾರೆ. ಒಂದೇ ಹಿಟ್ಟಿನ ಸಾದಾ, ಮಸಾಲೆ, ಸ್ಪೆಷಲ್ ಮಸಾಲೆ ಇದ್ದ ಹಾಗೆ. ಕೊಡುವ ದುಡ್ಡಿಗೆ ಸರಿಯಾದದ್ದು ಯಾವುದು? ಮಗನಿಗೆ ಅನುಮಾನವೇ ಇರಲಿಲ್ಲ. "ಪಪ್ಪಾ, ಟಾಪ್ ಲೇನೇ ಕಾ! ಸನ್‌ರೂಫ್ ಇದೆ, ದೊಡ್ಡ ಸ್ಕ್ರೀನ್ ಇದೆ. ಬಾತ್ ಖತಂ." ಅವನ ಕನ್ನಡ ಇಷ್ಟೇ. ಬಾತ್ ಖತಂ ಎಂದ ಮೇಲೆ ಹೆಚ್ಚು ಕನ್ನಡ ಬೇಕಾಗುವುದೂ ಇಲ್ಲ.

ಭಾವ "ನೋಡೂಣು" ಎಂದರು. ಅವರ ಬಾಯಿಂದ ಈ ಪದ ಬಂದರೆ ಮನೆಯವರು ಕ್ಯಾಲೆಂಡರ್ ನೋಡಿಕೊಳ್ಳುತ್ತಾರೆ. ಅಕ್ಕ ನನಗೆ ಫೋನ್ ಮಾಡಿದಳು. "ನೀ ಅವರ ಜೋಡಿ ಹೋಗು. ಮದುವಿಗೆ ಹೊರಡೋದ್ರೊಳಗ ಗಾಡಿ ಬರಬೇಕು. ದಿನಾ ನನಗ ರಿಪೋರ್ಟ್ ಕೊಡು." ಹೀಗೆ ನಾನು ಪ್ರತ್ಯಕ್ಷ ಸಾಕ್ಷಿಯಾದೆ.

ಗೋರೆಗಾಂವ್‌ನ ಶೋರೂಮಿಗೆ ನಾವು ಕಾಲಿಟ್ಟ ಕೂಡಲೇ ಒಬ್ಬ ಸೇಲ್ಸ್‌ಮನ್ ನಗುನಗುತ್ತಾ ಡ್ರೈವರನ ಬಾಗಿಲು ತೆರೆದು ಹಿಡಿದ. ಭಾವ ಅವನಿಗೆ ನಮಸ್ಕಾರ ಮಾಡಿ, ಗಾಡಿಯನ್ನು ಸುತ್ತಿ, ನಡುವಿನ ಸೀಟನ್ನು ಮಡಚಿಸಿ, ಬಗ್ಗಿ ನುಸುಳಿ ಮೂರನೇ ಸಾಲಿನಲ್ಲಿ ಹೋಗಿ ಕುಳಿತರು. ಮೊಣಕಾಲು ಗದ್ದಕ್ಕೆ ಬಂತು. ಕೈ ಕಟ್ಟಿಕೊಂಡರು. ಕಣ್ಣು ಮುಚ್ಚಿಕೊಂಡರು. ಸೇಲ್ಸ್‌ಮನ್ ತೆರೆದ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ.

"ಸರ್, ಗಾಡಿ ಆಪ್ ಚಲಾಯೇಂಗೇ ನಾ?"

"ನಹೀಂ. ಬೇಟಾ ಚಲಾಯೇಗಾ."

"ತೋ ಬೇಟೇ ಕೋ ಬಿಠಾಯಿಯೇ ಸರ್!"

"ಉಸಕೋ ಬೈಠನಾ ಆತಾ ಹೈ." ಓಡಿಸುವವನು ಮಗ, ಅವನಿಗೆ ಕೂಡಲು ಬರುತ್ತದಂತೆ!

ಆ ಹುಡುಗ ಸೋಲೊಪ್ಪುವವನಲ್ಲ. ಮುಂದಿನಿಂದಲೇ ಒಂದೊಂದಾಗಿ ಹೇಳತೊಡಗಿದ. ದೊಡ್ಡ ಸ್ಕ್ರೀನ್. ವೈರಿಲ್ಲದೆ ಫೋನ್ ಚಾರ್ಜ್ ಆಗುವ ತಟ್ಟೆ. ಬಣ್ಣ ಬದಲಿಸುವ ದೀಪ. ಪ್ರತಿಯೊಂದಕ್ಕೂ ಹಿಂದಿನ ಕತ್ತಲೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು. "ಪೀಛೇ ಕ್ಯಾ ಆಯಾ?" ಹಿಂದಿನವರಿಗೆ ಏನು ಬಂತು?

"ಸರ್, ಟಾಪ್ ಮೇಂ ಫ್ರಂಟ್ ಸೀಟ್ ವೆಂಟಿಲೇಟೆಡ್ ಹೈ. ಸೀಟ್ ಕೇ ಅಂದರ್ ಸೇ ಠಂಡೀ ಹವಾ!"

ಭಾವ ಕಣ್ಣು ತೆರೆದರು. ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದರು. "ಕೇಳಿದೇನ ತಮ್ಮಾ? ಮುಂದ ಕುಂತವರ ಬುಡಕ್ಕ ಗಾಳಿ ಐತಿ. ಬೇಸ್‌ನ್ಯಾಗ ಹಿಂದ ಕುಂತವರ ಮಾರಿಗೂ ಇಲ್ಲ!"

ಬೇಸ್ ಮಾಡೆಲ್ ಅಲ್ಲಿಗೇ ಬಿದ್ದುಹೋಯಿತು. ಅದರಲ್ಲಿ ಹಿಂದಿನ ಸಾಲಿಗೆ ಎಸಿಯ ಕಿಂಡಿಯೇ ಇರಲಿಲ್ಲ. ಟಾಪ್ ಬಿದ್ದದ್ದು ಇನ್ನೊಂದು ಕಾರಣಕ್ಕೆ. ನಡುವಿನ ಸಾಲಿನಲ್ಲಿ ಬೆಂಚಿನ ಬದಲು ಮಹಾರಾಜರ ಕುರ್ಚಿಗಳಂಥ ಎರಡು ಬಿಡಿ ಸೀಟುಗಳಿದ್ದವು. ಸೇಲ್ಸ್‌ಮನ್ ಅದನ್ನು ಬಹಳ ಹೆಮ್ಮೆಯಿಂದ ತೋರಿಸಿದ. ಭಾವ ಬೆರಳು ಮಡಚಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಆರ ಮಂದಿಗೆ ಜಾಗ ಐತಿ. ಅಂದ್ರ ರೊಕ್ಕ ಜಾಸ್ತಿ ಕೊಟ್ಟು ಒಬ್ಬರನ್ನ ಮನಿಯಾಗ ಬಿಟ್ಟು ಬರಬೇಕೇನು?"

ಆ ರಾತ್ರಿ ನಾನು ಅಕ್ಕನಿಗೆ ಕೊಟ್ಟ ರಿಪೋರ್ಟ್: ಮಿಡ್ ಉಳಿದಿದೆ. ಹಾಗಾದರೆ ಬುಕ್ ಮಾಡಿದರೇ ಎಂದು ಅಕ್ಕ ಕೇಳಿದಳು. ಇಲ್ಲ, ನೋಡೂಣು ಎಂದಿದ್ದಾರೆ ಎಂದೆ. ಆ ಕಡೆಯಿಂದ ಏನೋ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದೋ ಇಟ್ಟದ್ದೋ ಖಚಿತವಿಲ್ಲ.

ಮುಂದಿನದು ಟೆಸ್ಟ್ ಡ್ರೈವ್. ಜಗತ್ತಿನ ಎಲ್ಲ ಕಡೆ ಟೆಸ್ಟ್ ಡ್ರೈವ್ ಎಂದರೆ ಕೊಳ್ಳುವವನು ಓಡಿಸುವುದು. ಭಾವ ಸೇಲ್ಸ್‌ಮನ್‌ನಿಗೇ ಓಡಿಸಲು ಹೇಳಿ, ತಾವು ಮೂರನೇ ಸಾಲು ಸೇರಿ, ನನ್ನ ಚೀಲದಿಂದ ನಮ್ಮ ಪತ್ರಿಕೆಯನ್ನು ಎಳೆದುಕೊಂಡರು. ಹೆದ್ದಾರಿ ಬೇಡವಂತೆ, ಹೊಂಡಗಳಿರುವ ಗಲ್ಲಿಗಳೇ ಆಗಬೇಕಂತೆ. ನಮ್ಮ ಉಪನಗರದಲ್ಲಿ ಹೊಂಡಕ್ಕೆ ಬರವೇ? ಗಾಡಿ ಕುಣಿಯುತ್ತಿತ್ತು, ಭಾವ ಪತ್ರಿಕೆ ಓದುತ್ತಿದ್ದರು. ಸಂಪಾದಕೀಯವನ್ನೂ ಬಿಡಲಿಲ್ಲ. ನಮ್ಮ ಸಂಪಾದಕೀಯವನ್ನು ಕೊನೆಯವರೆಗೆ ಓದಿದ ಓದುಗರನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಶೋರೂಮಿಗೆ ವಾಪಸಾದಾಗ ಪತ್ರಿಕೆ ಮಡಚಿ ನನಗೆ ಕೊಟ್ಟು ಹೇಳಿದರು. "ತಲಿ ಸ್ವಲ್ಪ ತಿರಗತು. ಆದ್ರ ಅದು ಗಾಡೀದೋ ನಿಮ್ಮ ಪೇಪರಿಂದೋ ಗೊತ್ತಾಗವಲ್ದು. ನಾಳೆ ಮತ್ತ ಬರೂಣು."

ಮರುದಿನ ಬಂದದ್ದು ಬುತ್ತಿಯ ಸಮೇತ! ಅಕ್ಕನಿಗೆ ಅಂಗಡಿಗೆ ಒಯ್ಯುವ ಊಟವೆಂದು ಹೇಳಿ ಕಟ್ಟಿಸಿಕೊಂಡಿದ್ದ ಸ್ಟೀಲ್ ಡಬ್ಬಿಗಳನ್ನು ಕಾಲಬಳಿ ಇಟ್ಟುಕೊಂಡು, ನಿಂತ ಗಾಡಿಯ ಮೂರನೇ ಸಾಲಿನಲ್ಲಿ ಭಾವ ಕುಳಿತರು. ಬೆನ್ನು ಒರಗಿಸಿ ನೋಡಿದರು, ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು. ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡು ತಿಂದೂ ನೋಡಿದರು. ಆ ಹೊತ್ತಿಗೆ ಅಂಧೇರಿಯಿಂದ ಒಂದು ಗುಜರಾತಿ ಕುಟುಂಬ ಅದೇ ಗಾಡಿ ನೋಡಲು ಬಂತು. ಮನೆಯ ಯಜಮಾನರು ಹಿಂದಿನ ಬಾಗಿಲೆತ್ತಿದರು. ಒಳಗೆ ಬೆಳ್ಳಗಿನ ಅಂಗಿ ತೊಟ್ಟು, ರೊಟ್ಟಿ ಅಗಿಯುತ್ತಿರುವ ಒಬ್ಬ ಗಂಭೀರ ವ್ಯಕ್ತಿ. ಯಜಮಾನರು ಬಾಗಿಲನ್ನು ಮೆಲ್ಲಗೆ ಇಳಿಸಿ ಸೇಲ್ಸ್‌ಮನ್‌ನನ್ನು ಕೇಳಿದರು.

"ಭಾಯ್, ಯೇ ಭೀ ಗಾಡಿ ಕೇ ಸಾಥ್ ಆತೇ ಹೈಂ ಕ್ಯಾ?" ಇವರೂ ಗಾಡಿಯ ಜೊತೆಗೇ ಬರುತ್ತಾರೆಯೇ ಎಂದು!

ಆಗಲೇ ಒಬ್ಬ ಊಟಕ್ಕೆ ಹೋದದ್ದು, ಉಳಿದವರು ಚಹಾಕ್ಕೆ ಹೋದದ್ದು.

ಮನೆಯಲ್ಲಿ ಈ ಪರೀಕ್ಷೆ ಯಾರಿಗಾಗಿ ಎಂಬುದರ ಬಗ್ಗೆ ಚರ್ಚೆ ನಡೆಯಿತು. ಮಗ ಹೇಳಿದ, "ಪೀಛೇ ತೋ ಮಮ್ಮೀನೇ ಕೂಡೋದು. ಅವಳಿಗೆ ನಿದ್ದೆ ಬರ್ತಾ ಹೈ. ಟೆನ್ಶನ್ ಕ್ಯಾ ಹೈ?" ಅಕ್ಕನಿಗೂ ಹಾಗೆಯೇ ಅನಿಸಿತ್ತು. ಒಳಗೊಳಗೇ ಸ್ವಲ್ಪ ಖುಷಿಯೂ ಆಗಿರಬೇಕು, ಬೈಗುಳದ ದನಿ ಮೆತ್ತಗಿತ್ತು. "ನನ್ನ ಸಲುವಾಗಿ ಇಷ್ಟು ತಪಾಸ್ ಮಾಡಬ್ಯಾಡ್ರಿ. ನಾ ಎಲ್ಲಿ ಕುಂದ್ರಸಿದ್ರೂ ಮಲಗಾಕಿ. ಮೊದಲ ಗಾಡಿ ತರ್ರಿ." ಭಾವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನಾನು ನನ್ನ ಮಟ್ಟಿಗೆ ಸುದ್ದಿ ಖಚಿತವಾಯಿತೆಂದು ಬರೆದುಕೊಂಡೆ: ಹೆಂಡತಿಗಾಗಿ ಹಿಂದಿನ ಸೀಟಿನ ತಪಾಸಣೆ.

ಕೊನೆಗೆ ಭಾವ ಮಿಡ್ ಬುಕ್ ಮಾಡಲು ಹೋದಾಗ ಇನ್ನೊಂದು ಆಪತ್ತು ಕಾದಿತ್ತು. ಬೇಸ್ ಇವತ್ತೇ ಸಿಗುತ್ತದೆ, ಟಾಪ್ ಈ ವಾರ ಸಿಗುತ್ತದೆ, ಮಿಡ್‌ಗೆ ಮಾತ್ರ ವೇಟಿಂಗ್. ಮದುವೆ ಮುಗಿದ ಮೇಲೆಯೇ. ಮಗ ರೇಗಿದ. ಸೊಸೆ ಮೊಮ್ಮಗಳಿಗೆ ಸನ್‌ರೂಫಿನ ಚಿತ್ರ ತೋರಿಸಿ ಅವಳನ್ನೂ ತಮ್ಮ ಪಕ್ಷಕ್ಕೆ ಸೇರಿಸಿಕೊಂಡಳು. ಅಕ್ಕ ಮೇಜಿನ ಮೇಲೆ ಬಸ್ಸಿನ ಟಿಕೆಟ್ ಬುಕ್ ಮಾಡುವ ಪುಟ ತೆರೆದ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಭಾವ ಊಟ ಮಾಡಿ, ಕೈತೊಳೆದು, ಹೇಳಿದರು. "ಟಾಪ್ ತಗೊಂಡ್ರ ಒಬ್ಬರು ಉಳೀತಾರ. ಬೇಸ್ ತಗೊಂಡ್ರ ಹಿಂದ ಉಸಿರು ಕಟ್ಟತೈತಿ. ನಾ ಮಿಡ್ ಬಿಟ್ಟು ಬ್ಯಾರೆ ಒಲ್ಲೆ."

ಅಷ್ಟು ವರ್ಷಗಳಲ್ಲಿ ಭಾವ "ಒಲ್ಲೆ" ಎಂದದ್ದನ್ನು ನಾನು ಕೇಳಿರಲಿಲ್ಲ. "ನೋಡೂಣು" ಎಂದೇ ಎಲ್ಲವನ್ನೂ ಗೆದ್ದವರು ಅವರು.

ಮದುವೆಗೆ ವಾರವಿದೆ ಎನ್ನುವಾಗ ಶೋರೂಮಿನಿಂದ ಫೋನ್ ಬಂತು. ಯಾರೋ ಬುಕಿಂಗ್ ರದ್ದು ಮಾಡಿದ್ದಾರೆ, ಒಂದು ಮಿಡ್ ಇದೆ, ಆದರೆ ಬಣ್ಣದ ಕಾರಣಕ್ಕೆ ಯಾರೂ ಒಯ್ಯುತ್ತಿಲ್ಲ. ಹೋಗಿ ನೋಡಿದೆವು. ಆರಿದ ಚಹಾದ ಮೇಲೆ ಕೆನೆ ಕಟ್ಟಿರುತ್ತದಲ್ಲ, ಆ ಬಣ್ಣ. ಮಗ ಹಣೆ ಚಚ್ಚಿಕೊಂಡ. ಭಾವ ಹಿಂದಿನ ಸೀಟಿಗೆ ಹೋಗಿ ಕೂತರು, ಆಚೀಚೆ ನೋಡಿದರು.

"ಇಲ್ಲಿಂದ ಬಣ್ಣ ಕಾಣೂದ ಇಲ್ಲ. ತಗೋ."

ಸೇಲ್ಸ್‌ಮನ್ ಬೀಗದ ಕೈ ಕೊಡುವಾಗ ಭಾವನ ಜೊತೆ ಒಂದು ಸೆಲ್ಫಿ ತೆಗೆದುಕೊಂಡ. ಪ್ರೀತಿಗೋ, ಬೇರೆ ಶೋರೂಮಿನವರಿಗೆ ಕಳಿಸುವುದಕ್ಕೋ, ನನಗೆ ತಿಳಿಯಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಿಲ್ಡಿಂಗಿನ ಕೆಳಗೆ ಗಾಡಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಅಕ್ಕ ಬುತ್ತಿಯ ಗಂಟನ್ನು ಎದೆಗವಚಿಕೊಂಡು ಎಂದಿನಂತೆ ಹಿಂದಕ್ಕೆ ನಡೆದಳು. ನೋಡಿದರೆ ಅಲ್ಲಿ ಭಾವ ಆಗಲೇ ಕುಳಿತಿದ್ದಾರೆ.

"ಏಳ್ರಿ, ಅದು ನನ್ನ ಜಾಗ."

"ನೀ ಮುಂದ ಕುಂದ್ರು. ಮಗನ ಬಾಜೂಕ."

"ಹುಚ್ಚೇನ್ರಿ ನಿಮಗ? ಮೊಣಕಾಲ ನೋವು ಇಟಗೊಂಡು ಹಿಂದ ಕುಂದ್ರಾವ್ರ?"

"ಕೈ ಒಳಗ ಹಾಕು. ತಪಾಸ್ ಮಾಡು. ಗಾಳಿ ಬರತೈತೋ ಇಲ್ಲೋ ನೋಡು. ಇಲ್ಲಿ ಒತ್ತು, ಬೆನ್ನು ಹಿಂದಕ್ಕ ಹೋಗತೈತಿ. ನನ್ನ ಕಾಲ ನೋಡು, ನಡುವಿನ ಬೆಂಚ್ ಮುಂದ ಸರಿಸಿದ್ರ ಎಷ್ಟು ಜಾಗ ಐತಿ."

ಅಕ್ಕ ನಿಜವಾಗಿಯೂ ತಪಾಸಣೆ ಮಾಡಿದಳು. ಎಸಿಯ ಕಿಂಡಿಗೆ ಅಂಗೈ ಹಿಡಿದಳು, ಸೀಟನ್ನು ಒತ್ತಿದಳು, ಭಾವನ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಗೇಣು ಹಾಕಿ ನೋಡಿದಳು. ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬುತ್ತಿಯನ್ನು ಅವರ ಕಾಲಬಳಿ ಇಟ್ಟು, ಮೊಮ್ಮಗಳ ತಲೆ ಸವರಿ, ಮುಂದೆ ಹೋಗಿ ಕುಳಿತಳು. ಮೊಮ್ಮಗಳು ಹಿಂದೆ ಭಾವನ ಜೊತೆ. ಸೊಸೆ, ನಾನು, ನನ್ನ ಹೆಂಡತಿ ನಡುವಿನ ಬೆಂಚಿನಲ್ಲಿ.

ಪನ್ವೇಲ್ ದಾಟಿದ ಮೇಲೆ ಭಾವ ಬುತ್ತಿ ಬಿಚ್ಚಿದರು. ಎಲ್ಲರಿಗೂ ರೊಟ್ಟಿ ಮೊದಲು ಬಂತು, ಪಲ್ಯ ಆಮೇಲೆ ಬಂತು, ಚಟ್ನಿ ಬರಲೇ ಇಲ್ಲ; ಅದರ ಡಬ್ಬಿಯ ಮೇಲೆ ಅವರು ಕಾಲಿಟ್ಟುಕೊಂಡಿದ್ದರು. ಘಾಟ್ ಶುರುವಾಯಿತು. ನಾನು ಹಿಂದಕ್ಕೆ ತಿರುಗಿ ಮೆಲ್ಲಗೆ ಕೇಳಿದೆ.

"ಭಾವ, ಖರೇ ಹೇಳ್ರಿ. ಇಷ್ಟೆಲ್ಲಾ ತಪಾಸ್ ನಿಮ್ಮ ಸಲುವಾಗಿ ಮಾಡಿದ್ರೇನು?"

"ಮತ್ತ? ನಾ ಚೂರು ತ್ರಾಸ್ ಪಟ್ರೂ ನಿಮ್ಮ ಅಕ್ಕಗ ತಿಳೀತೈತಿ. ಎದ್ದು ಬಂದು ಇಲ್ಲೇ ಕುಂದ್ರತಾಳ. ಎಷ್ಟು ಸಲ ಮುಂದ ಕುಂದ್ರು ಅಂದೀನಿ, ಕೇಳ್ಯಾಳೇನು? ಅದಕ್ಕ ಈ ಸೀಟು ಖರೇನ ಚಲೋ ಇರಬೇಕಾಗಿತ್ತು. ಸುಳ್ಳ ನಡೆಯೂದಿಲ್ಲ ಆಕಿ ಮುಂದ."

"ಆದ್ರ ಅಕ್ಕ ಹಿಂದ ಆರಾಮ ಮಲಗತಿದ್ಲಲ್ಲ?"

ಭಾವ ಕಿಟಕಿಯ ಕಡೆ ನೋಡಿದರು. "ಮಲಗಿದಾಕಿ ಹಿಡಿಕಿ ಅಷ್ಟು ಬಿಗಿ ಹಿಡದಿರತಾಳೇನೋ? ಹೊಟ್ಟಿ ತೊಳಸತಿತ್ತು ಆಕಿಗೆ. ಯಾರಿಗೂ ಗೊತ್ತಾಗಬಾರದಂತ ಸೆರಗ ಹೊಚ್ಚಿಕೊಳ್ಳತಿದ್ಲು. ನಾ ಮುಂದ ಕುಂತು ಕನ್ನಡಿಯಾಗ ನೋಡತಿದ್ದೆ."

ಗಾಡಿ ತಿರುವಿನಲ್ಲಿ ಮೇಲೇರುತ್ತಿತ್ತು. ಮುಂದಿನಿಂದ ಅಕ್ಕನ ದನಿ ಬಂತು, ಮಗನಿಗೆ ಏನೋ ಕೇಳುತ್ತಿದ್ದಳು, ಆ ಬಿಳೀ ಗೆರೆ ನೀರೇನೋ, ಇಲ್ಲಿ ಯಾವಾಗಲೂ ಬೀಳತೈತೇನೋ ಎಂದು. ಹಿಂದಿನಿಂದ ಭಾವ ನನ್ನ ಭುಜ ತಟ್ಟಿದರು.

"ತಮ್ಮಾ, ಈ ಸೀಟಿಗೆ ಒಂದ ಕೊರತಿ ಐತಿ. ಶೋರೂಮಿನ್ಯಾಗ ಹೊಳೀಲಿಲ್ಲ. ಇಲ್ಲಿಂದ ಆಕಿ ಕೈ ಕಾಣೂದಿಲ್ಲ. ಹೆಂಗೈತಿ, ಸ್ವಲ್ಪ ನೋಡಿ ಹೇಳು."

ನಾನು ಮುಂದಕ್ಕೆ ಬಾಗಿ ನೋಡಿದೆ. ನೋಡಿದ್ದನ್ನು ನೋಡಿದಂತೆಯೇ ಹೇಳಿದೆ.

"ಮಡಿಲಾಗ ಐತಿ ಭಾವ. ಅಂಗೈ ಬಿಚ್ಚೈತಿ. ಅದರಾಗ ಅರ್ಧಾ ರೊಟ್ಟಿ ಐತಿ, ತಿನ್ನೂದ ಮರತಾಳ."